ದೇವರ ಗೂಡಿನ ಪಾಸ್‌ಬುಕ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ದೇವರ ಗೂಡಿನಲ್ಲಿ ಪಟಗಳ ಜೊತೆ ಒಂದು ಪಾಸ್‌ಬುಕ್ಕೂ ಇತ್ತು. ಅದು ಅಕ್ಕನದು. ಆಲೂರಿನ ಬ್ಯಾಂಕಿನಲ್ಲಿ ಅಪ್ಪ ಅವಳ ಹೆಸರಿಗೆ ಖಾತೆ ತೆರೆದಿದ್ದರು. ಅವಳಿಗೆ ಹದಿನೆಂಟು ತುಂಬುವವರೆಗೆ ಸಹಿ ಮಾತ್ರ ಅಪ್ಪನದು. "ದುಡ್ಡು ನಿಂದೇ ಕಣವ್ವ, ಕಾಯೋದಷ್ಟೇ ನಾನು" ಅಂದಿದ್ದರು. ಲಕ್ಷ್ಮಿಯಲ್ಲವೇ ಎಂದು ಅವ್ವ ಅದರ ರಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಗೂಡಿನಲ್ಲಿಟ್ಟಳು. ಪೂಜೆಗಿಟ್ಟ ಪುಸ್ತಕವನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ? ಅಕ್ಕ ದಿನಾ ಸ್ನಾನ ಮಾಡಿ ಅದಕ್ಕೆ ಕೈ ಮುಗಿಯುತ್ತಿದ್ದಳು, ಅಷ್ಟೇ.

ಕಾಫಿ ಕುಯ್ಲು ಮುಗಿದ ಮೇಲೆ ತೋಟದಲ್ಲಿ ಉದುರಿದ ಬೀಜ ಆರಿಸಲು ಅವಳು ಹೋಗುತ್ತಿದ್ದಳು, ನಾನೂ ಹಿಂದೆಯೇ. ಒಣಗಿದ ಎಲೆ ಕೆದಕಿ ಕೆದಕಿ ಉಗುರಿನ ಸಂದೆಲ್ಲ ಕಪ್ಪಾಗುತ್ತಿತ್ತು. ಕೆಂಪಿರುವೆ ಕಚ್ಚಿ ಕಾಲು ಉರಿಯುತ್ತಿತ್ತು. ಬಂದ ಕೂಲಿಯನ್ನೆಲ್ಲ ಅಕ್ಕ ಖಾತೆಗೆ ಕಟ್ಟಲೆಂದು ಅಪ್ಪನ ಕೈಗೆ ಕೊಡುತ್ತಿದ್ದಳು. ಒಂದು ಹೊಲಿಗೆ ಮಿಷನ್ ಕೊಳ್ಳಬೇಕು, ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯಬೇಕು, ಅದೊಂದೇ ಅವಳ ಆಸೆ.

ಹದಿನೆಂಟು ತುಂಬಿದ ವಾರವೇ, ಅಪ್ಪ ಗದ್ದೆಗೆ ಹೋಗಿದ್ದಾಗ, ಅಕ್ಕ ದೀಪ ಹಚ್ಚಿ ಪಾಸ್‌ಬುಕ್ ಕೆಳಗಿಳಿಸಿದಳು. ಸಹಿ ಹಾಕುವುದನ್ನು ತಿಂಗಳಿನಿಂದ ಸ್ಲೇಟಿನ ಮೇಲೆ ಕಲಿತಿದ್ದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನನ್ನೂ ಬಸ್ಸು ಹತ್ತಿಸಿದಳು. ಹೋದ ಮಳೆಗಾಲ ಟೈಫಾಯ್ಡ್ ಬಂದು ಹಾಸನದ ಆಸ್ಪತ್ರೆಯಲ್ಲಿ ಮಲಗಿ ಎದ್ದವಳು ನಾನು. "ಮೊದ್ಲು ನಿಂಗೇ ಒಂದು ಲಂಗ ಹೊಲೀತೀನಿ ಕಣೇ. ಕಡ್ಡಿ ಆಗ್ಬುಟ್ಟಿದೀಯ, ಅರ್ಧ ಗಜ ಬಟ್ಟೆ ಸಾಕು" ಎಂದು ದಾರಿಯುದ್ದಕ್ಕೂ ಚುಡಾಯಿಸಿದಳು.

ಬ್ಯಾಂಕಿನವರು ಪುಸ್ತಕ ಬಿಚ್ಚಿದಾಗ ಹಾಳೆಯ ಮೇಲೆ ಕುಂಕುಮ ಉದುರಿತು.

"ಹನ್ನೊಂದು ರೂಪಾಯಿ ಐತೆ ಕಣಮ್ಮ. ಹೋದ ಮಳೆಗಾಲದಲ್ಲೇ ನಿಮ್ಮಪ್ಪ ತೆಗೆದ್ರಲ್ಲ, ಹೇಳ್ಲಿಲ್ವಾ?"

ಅಕ್ಕ ತಿರುಗಿ ನನ್ನನ್ನು ನೋಡಿದಳು. ಆ ದುಡ್ಡು ಯಾವ ಆಸ್ಪತ್ರೆಗೆ ಹೋಯಿತೆಂದು ಇಬ್ಬರಿಗೂ ಗೊತ್ತಾಯಿತು. ವಾಪಸು ಬರುವಾಗ ಅವಳು ನನ್ನ ಕೈ ಬಿಡಲಿಲ್ಲ.

ಸಂಜೆ ಅಕ್ಕನ ಕೈಯಲ್ಲಿ ಪುಸ್ತಕ ನೋಡಿ ಅಪ್ಪ ಕೆಸರು ಕಾಲಲ್ಲೇ ಜಗಲಿಯ ಮೇಲೆ ಕುಸಿದರು. "ಹೇಳ್ಬೇಕು ಅಂತ ಎಷ್ಟೋ ಸಲ ಬಂದೆ ಮಗಾ. ನೀನು ಅದಕ್ಕೆ ಕೈ ಮುಗಿಯೋದು ನೋಡಿ ಬಾಯೇ ಬರ್ಲಿಲ್ಲ."

"ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ ಅಪ್ಪಾ? ಅವಳು ನಂಗೂ ತಂಗಿ ಅಲ್ವಾ?" ಅಂದಳು ಅಕ್ಕ.

ಮರುವರ್ಷ ಅಕ್ಕನ ಮದುವೆಯಾಯಿತು. ಮಿಷನ್ ಕೊನೆಗೂ ಬರಲಿಲ್ಲ. ಅವಳೂ ಈಗಿಲ್ಲ. ನಾನು ಬದುಕಿದೆ, ದೇವರ ದಯೆ. ಅಕ್ಕ ಒಂದು ದಿನವೂ ನನ್ನ ಮೇಲೆ ಮುನಿಯಲಿಲ್ಲ, ಅದೂ ಅವನ ದಯೆಯೇ. ಆದರೂ ಯಾರ ಮನೆಯಲ್ಲಾದರೂ ಮಿಷನ್ನಿನ ಸದ್ದು ಕೇಳಿದರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ.

ಮೊಮ್ಮಕ್ಕಳೇ, ಹೋದ ವಾರ ಸಕಲೇಶಪುರದಲ್ಲಿ ನಿಮ್ಮಿಬ್ಬರಿಗೂ ಖಾತೆ ಆಯಿತು. ನಿಮಗೆ ಪುಸ್ತಕವಿಲ್ಲ, ಕಾರ್ಡು. ಹತ್ತು ರೂಪಾಯಿ ತೆಗೆದರೂ ಅಮ್ಮನ ಮೊಬೈಲು ಟಿಣ್ ಅನ್ನುತ್ತದೆ. ಅದಕ್ಕೆ ನೀವು ಮುಖ ಊದಿಸಿಕೊಂಡಿರಿ. ಅಮ್ಮ ಕಾಯಲಿ, ಕಾಯುವುದು ತಪ್ಪಲ್ಲ. ನಿಮ್ಮ ಅಮ್ಮನಿಂದ ನಾನು ದೇವರ ಮುಂದೆ ಒಂದೇ ಮಾತು ತೆಗೆದುಕೊಂಡಿದ್ದೇನೆ: ಎಂಥ ಕಷ್ಟವೇ ಬರಲಿ, ಆ ದುಡ್ಡು ಮುಟ್ಟುವ ಮೊದಲು ನಿಮ್ಮನ್ನು ಹತ್ತಿರ ಕೂರಿಸಿಕೊಂಡು ಕೇಳಬೇಕು. ಅಕ್ಕನನ್ನು ಅವತ್ತು ಯಾರೂ ಕೇಳಲಿಲ್ಲ.