ಹನುಮಂತಪ್ಪನ ಲೇಖನದಲ್ಲಿ ನಾನು ಹೊಡೆದು ಹಾಕಿದ ಊರು

ಈ ಫೇಸ್‌ಬುಕ್ಕಿನಲ್ಲಿ ಬರೆಯುವುದು ನನಗೆ ಬೇಕಾಗಿರಲಿಲ್ಲ. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಹಿಡಿದು ಕೂರಿಸಿದ್ದಾರೆ, ಬರೆಯುತ್ತಿದ್ದೇನೆ.

ಕೂರಿಸಿದವರು ಹರಿಹರದ ಪಕ್ಕದ ಗುತ್ತೂರಿನ ಗೌರಮ್ಮ. ಹೋದ ಸೋಮವಾರ ಬೆಳಿಗ್ಗೆ ದೇವರಾಜ ಅರಸು ಬಡಾವಣೆಯಲ್ಲಿರುವ ನಮ್ಮ ಪತ್ರಿಕೆಯ ರೂಮಿಗೆ ಬಂದರು. ಕೈಯಲ್ಲಿ ನಮ್ಮದೇ ಹಳೆಯ ಸಂಚಿಕೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಇದ್ರಾಗ ನಮ್ಮನೇರು ಬರೆದ ಊರಿನ ಹೆಸರು ಎಲ್ಲೈತೆ, ತೋರಿಸ್ರಿ" ಅಂದರು.

ಹೆಸರು ಇರಲಿಲ್ಲ. ಅದರ ಜಾಗದಲ್ಲಿ ಐದು ಚುಕ್ಕಿ ಇದ್ದವು. ಹಾಕಿದವನು ನಾನು.

ಯಾಕೆ ಹಾಕಿದೆ ಅಂತ ತಿಳಿಯಬೇಕಾದರೆ ನನ್ನ ಸುದ್ದಿ ಸ್ವಲ್ಪ ಕೇಳಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರು ಒಂದು ಬಾರಿಸಿದರು, ಮರುದಿನದಿಂದ ಹೋಗಲಿಲ್ಲ. ವಯಸ್ಸಿಗೆ ಬಂದ ಮೇಲೆ ಮಿಲಿಟರಿ ಸೇರಿದೆ. ಕೈಬರಹ ಚೆನ್ನಾಗಿದೆ ಅಂತ ಅಲ್ಲಿನ ಪತ್ರಿಕೆಯ ಕನ್ನಡ ಪುಟಗಳಿಗೆ ಹಾಕಿದರು. ಮೊದಲು ನಕಲು ಮಾಡುವುದು, ಆಮೇಲೆ ಪ್ರೂಫ್ ನೋಡುವುದು, ಕೊನೆಗೆ ಆ ಪುಟಗಳೆಲ್ಲ ನನ್ನ ಕೈಗೇ ಬಂದವು.

ಮೊದಲ ದಿನವೇ ಸಾಹೇಬರು ಕೆಂಪು ಪೆನ್ಸಿಲ್ ಕೊಟ್ಟು ಹೇಳಿದ್ದರು. ಊರಿನ ಹೆಸರು, ತುಕಡಿಯ ಹೆಸರು, ತಾರೀಖು, ಯಾವುದೂ ಅಚ್ಚಾಗಬಾರದು. ಅಚ್ಚಾದ ಮೇಲೆ ಕೈಬರಹದ ಪ್ರತಿ ಸುಡಬೇಕು.

ಪದ್ಯದಲ್ಲಿ ನದಿಯ ಹೆಸರು ಬಂದರೂ ಹೊಡೆಯುತ್ತಿದ್ದೆ. ಒಬ್ಬ ಜಗಳಕ್ಕೇ ಬಂದಿದ್ದ, ಅವನ ಪದ್ಯದಲ್ಲಿ ಉಳಿದದ್ದು ಚಳಿ ಮಾತ್ರ.

ರಿಟೈರ್ ಆಗಿ ದಾವಣಗೆರೆಗೆ ಬಂದೆ. ಇಲ್ಲಿನ ಮಾಜಿ ಸೈನಿಕರು ಕೆಲವರು ಸೇರಿ ಮಾಸಪತ್ರಿಕೆ ಶುರು ಮಾಡಿದರು, ನನ್ನನ್ನು ಸಂಪಾದಕ ಮಾಡಿದರು.

ಇಲ್ಲಿ ಯಾರೂ ಹೊಡೆಯಿರಿ ಅನ್ನಲಿಲ್ಲ, ಸುಡಿರಿ ಅನ್ನಲಿಲ್ಲ. ನಾನು ಹೊಡೆಯುತ್ತಲೇ ಇದ್ದೆ. ಸಂಚಿಕೆ ಬಂದ ಮರುದಿನ ಕೈಬರಹದ ಹಾಳೆಗಳನ್ನು ರೂಮಿನ ಹಿಂದೆ ಡಬ್ಬದಲ್ಲಿ ಹಾಕಿ ಸುಡುತ್ತಲೇ ಇದ್ದೆ...

ಗೌರಮ್ಮನ ಗಂಡ ಹನುಮಂತಪ್ಪ ಹವಾಲ್ದಾರ್ ಆಗಿದ್ದವನು. ಊರಿಗೆ ಬಂದ ಮೇಲೆ ಫ್ಯಾಕ್ಟರಿಯಲ್ಲಿ ವಾಚ್‌ಮನ್. ಮೂರು ವರ್ಷದ ಹಿಂದೆ ನಾಲ್ಕು ಹಾಳೆ ಬರೆದು ತಂದುಕೊಟ್ಟ. ಜೀವನದಲ್ಲಿ ಅವನು ಬರೆದದ್ದು ಅದೊಂದೇ.

ಕಾಶ್ಮೀರದಲ್ಲಿದ್ದಾಗ ಹಿಮದಲ್ಲಿ ದಾರಿ ತಪ್ಪಿ ಕಾಲು ಮುರಿದುಕೊಂಡು ಬಿದ್ದಿದ್ದನಂತೆ. ಒಂದು ಹಳ್ಳಿಯ ಮುದುಕಿ ಮತ್ತು ಅವಳ ಮಗ ಮನೆಗೆ ಹೊತ್ತುಕೊಂಡು ಹೋಗಿ, ದಾರಿ ತೆರೆಯುವ ತನಕ ಹನ್ನೊಂದು ದಿನ ಇಟ್ಟುಕೊಂಡಿದ್ದರಂತೆ. ಆ ಹಳ್ಳಿಯ ಹೆಸರನ್ನು ಅವನು ಎರಡು ಕಡೆ ಬರೆದಿದ್ದ. ಎರಡೂ ಕಡೆ ಹೊಡೆದೆ.

ಹೋದ ವರ್ಷ ಹನುಮಂತಪ್ಪ ತೀರಿಕೊಂಡ. ಈಗ ಟ್ರಂಕು ತೆಗೆದಾಗ ಸಂಚಿಕೆ ಸಿಕ್ಕಿ, ಗೌರಮ್ಮ ಮೊದಲ ಸಲ ಓದಿದ್ದಾರೆ.

"ಮೂವತ್ತೆಂಟು ವರ್ಷ ಜೋಡಿ ಇದ್ವಿ. ನನಗೊಂದಿನ ಇದ್ನ ಹೇಳ್ಲಿಲ್ಲ. ನಿಮ್ ಪುಸ್ತಕಕ್ಕೆ ಹೇಳ್ಯಾರ. ಬೀಗರು ಬಿಜ್ಜರು ಎಲ್ಲಾರಿಗೂ ಸಾವಿನ ಸುದ್ದಿ ಮುಟ್ಟಿಸೀನಿ. ಹನ್ನೊಂದು ದಿನ ಉಣ್ಣಾಕ ಇಟ್ಟ ಮನಿಗೆ ಮುಟ್ಟಿಸಬ್ಯಾಡೇನು?"

ನಮ್ಮ ಕಡೆ ಸಾವಿನ ಸುದ್ದಿ ಹೇಳದೆ ಬಿಟ್ಟರೆ ಆ ಮನೆಯ ಸಂಬಂಧ ಕಡಿದುಕೊಂಡ ಹಾಗೆ. ವರ್ಷದ ತಿಥಿಯೊಳಗೆ ಅಲ್ಲಿಗೊಂದು ಕಾಗದ ಮುಟ್ಟಬೇಕು ಅಂತ ಅವರ ಹಟ.

ನನಗೆ ಸಿಟ್ಟು ಬಂತು. "ಆವತ್ತಿನ ಮುದುಕಿ ಇನ್ನೂ ಇರ್ತಾಳೇನಮ್ಮ?" ಅಂದೆ.

"ಆಕಿ ಇಲ್ಲಂದ್ರ ಮಗ ಅದಾನ. ಮಗ ಇಲ್ಲಂದ್ರ ಮನಿ ಐತೆ. ನೀವು ಹೆಸರು ಹೇಳ್ರಿ ಸಾಕು."

ಹೆಸರು ನನಗೆ ನೆನಪಿಲ್ಲ.

ಅವನು ಬರೆದದ್ದರಲ್ಲಿ ಮುದುಕಿ ಉಪ್ಪು ಹಾಕಿದ ಚಹಾ ಕೊಟ್ಟದ್ದು ನೆನಪಿದೆ. ಮನೆಯ ಹಿಂದೆ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಇದ್ದದ್ದು, ಮಗನ ಎಡಗೈಯಲ್ಲಿ ಎರಡು ಬೆರಳು ಇಲ್ಲದ್ದು ನೆನಪಿದೆ. ಹೊಡೆದ ಹೆಸರು ಮಾತ್ರ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

ಕಂಪ್ಯೂಟರಿನಲ್ಲಿ ಇರಬಹುದು ಅಂತ, ಪತ್ರಿಕೆ ಟೈಪ್ ಮಾಡುವ ರಫೀಕನ ಅಂಗಡಿಗೆ ಅವರನ್ನು ಕರೆದುಕೊಂಡು ಹೋದೆ.

"ಸಾಹೇಬ್ರ, ನೀವು ಚುಕ್ಕಿ ಕೊಟ್ರಿ, ನಾ ಚುಕ್ಕಿ ಹೊಡೆದೆ. ನಿಮ್ ಕೆಂಪು ಗೆರಿ ಕೆಳಗಿನ ಅಕ್ಷರ ಕಾಣ್ಬೇಕಂದ್ರ ಎಕ್ಸ್‌ರೇ ಮಾಡಿಸ್ಬೇಕು" ಅಂದ.

ಬೈದೆ. ಅವನು ನಕ್ಕ. ಗೌರಮ್ಮ ನಗಲಿಲ್ಲ.

ಹನುಮಂತಪ್ಪನ ತುಕಡಿಯಲ್ಲೇ ಇದ್ದ ಒಬ್ಬ ಕೊಂಡಜ್ಜಿ ಹಳ್ಳಿಯಲ್ಲಿದ್ದಾನೆ. ಮರುದಿನ ಬಸ್ಸು ಹತ್ತಿ ಹೋದೆ. ಆ ಚಳಿಗಾಲಕ್ಕೆ ಮೊದಲೇ ಅವನನ್ನು ಬೇರೆ ಕಡೆ ಕಳಿಸಿದ್ದರಂತೆ, ಗೊತ್ತಿಲ್ಲ ಅಂದ. ಆದರೆ ನನ್ನನ್ನು ಸುಮ್ಮನೆ ಬಿಡಲಿಲ್ಲ.

"ನನ್ ಲೇಖನದಾಗೂ ನಮ್ ಪೋಸ್ಟಿನ ಹೆಸರು ಹೊಡೆದಿದ್ರಿ. ನಾವು ವಾಪಸ್ ಬಂದು ಮೂವತ್ತು ವರ್ಷಾತು. ದಾವಣಗೆರಿ ಮಂದಿ ಓದಿದ್ರ ಯಾರಿಗೆ ಗುಟ್ಟು ಹೋಗ್ತೈತೆ?"

ಚಹಾ ಕುಡಿದು ಎದ್ದು ಬಂದೆ.

ಇವತ್ತು ಗುರುವಾರ, ಗೌರಮ್ಮ ಮತ್ತೆ ಬಂದರು. ಮುಂದಿನ ಸಂಚಿಕೆಯಲ್ಲಿ ಓದುಗರನ್ನು ಕೇಳುತ್ತೇನೆ ಅಂದೆ. ಅದು ಕೈಗೆ ಸಿಗುವುದು ಬರುವ ತಿಂಗಳ ಕೊನೆಗೆ, ಅಷ್ಟರಲ್ಲಿ ತಿಥಿ ಮುಗಿದಿರುತ್ತದೆ. ಪ್ರೂಫ್ ತಂದಿದ್ದ ರಫೀಕ್ ಫೇಸ್‌ಬುಕ್ಕಿಗೆ ಹಾಕೋಣ, ನಾನೇ ಬರೆದುಕೊಡುತ್ತೇನೆ ಅಂದ.

"ಬ್ಯಾಡ. ಅವ್ರಾ ಬರೀಲಿ. ತೆಗೆದೋರು ಅವ್ರು" ಅಂದರು ಗೌರಮ್ಮ. ಆಗ ಕೂತರು ನೋಡಿ ಕುರ್ಚಿಯಲ್ಲಿ. ನಾನು ಬರೆದು ಮುಗಿಸುವ ತನಕ ಏಳುವುದಿಲ್ಲವಂತೆ. ಎದುರಿಗೇ ಇದ್ದಾರೆ.

ಈ ತಿಂಗಳ ಡಬ್ಬಕ್ಕೆ ನಾನು ಇನ್ನೂ ಕಡ್ಡಿ ಗೀರಿಲ್ಲ. ಅದರಿಂದ ಇವರಿಗೇನೂ ಆಗುವುದಿಲ್ಲ, ಗೊತ್ತಿದೆ.

ಗುತ್ತೂರಿನ ಹವಾಲ್ದಾರ್ ಹನುಮಂತಪ್ಪನ ಜೊತೆ ಕಾಶ್ಮೀರದಲ್ಲಿ ಇದ್ದವರು, ಅವನ ಬಾಯಲ್ಲಿ ಆ ಹಳ್ಳಿಯ ಹೆಸರು ಕೇಳಿದವರು ಇದ್ದರೆ ಕೆಳಗೆ ಬರೆಯಿರಿ. ಕೈಮುಗಿಯುವ ಚಿತ್ರ ಬೇಡ, ಬಾವುಟ ಬೇಡ, ನನಗೆ ಸಮಾಧಾನ ಹೇಳುವುದೂ ಬೇಡ.

ತಿಥಿ ಬರುವ ತಿಂಗಳು ಇಪ್ಪತ್ತೆರಡಕ್ಕೆ. ಕಾಗದ ಅಲ್ಲಿಗೆ ಮುಟ್ಟಲು ಹತ್ತು ದಿನ ಬೇಕು.

ಹನ್ನೆರಡನೇ ತಾರೀಖಿನೊಳಗೆ ನನಗೆ ಊರಿನ ಹೆಸರು ಬೇಕು.