ಜಗುಲಿಗೆ ಬಂದ ಬಾಡಿಗೆ ಖುರ್ಚಿ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದಾಗ ನಮ್ಮ ಜಗುಲಿಯ ಮೇಲೆ ನಾಲ್ಕು ಕೆಂಪು ಪ್ಲಾಸ್ಟಿಕ್ ಖುರ್ಚಿಗಳು ಒಂದರೊಳಗೊಂದು ಕೂತಿದ್ದವು. ಬೆನ್ನಿಗೆ ನೀಲಿ ಬಣ್ಣದಲ್ಲಿ ‘ಗ.ಶಾ.’ ಎಂದು ಬರೆದಿತ್ತು. ಗಫೂರ್ ಶಾಮಿಯಾನ. ನಾನು ಖುರ್ಚಿಗೆ ಹೇಳಿ ಕಳಿಸಿರಲಿಲ್ಲ. ನಮ್ಮನೆಯಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ನನಗೆ ತಿಳಿದ ಮಟ್ಟಿಗೆ ಯಾರೂ ಸತ್ತೂ ಇಲ್ಲ. ಆದರೂ ಖಾತ್ರಿಗೆ ಒಳಗೆ ಹೋಗಿ ಯಜಮಾನರನ್ನು ನೋಡಿ ಬಂದೆ. ಗೊರಕೆ ಹೊಡೆಯುತ್ತಿದ್ದರು.

ಯಲ್ಲಾಪುರದಲ್ಲಿ ಮಳೆಗಾಲದ ಹೊತ್ತಿಗೆ ಒಂದು ಮನೆಯೆದುರು ಬಾಡಿಗೆ ಖುರ್ಚಿ ಕಂಡರೆ ಅದಕ್ಕೆ ಒಂದೇ ಅರ್ಥ. ಬೇಸಿಗೆಯಲ್ಲಾದರೆ ಜನ ಊಟ ಯಾವಾಗ ಎನ್ನುವ ಮುಖ ಮಾಡಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ದನಿ ತಗ್ಗಿಸಿಕೊಂಡು ಬರುತ್ತಾರೆ. ಹಾಲು ತರಲು ಹೊರಟಿದ್ದ ಎದುರು ಮನೆಯ ಸಾವಿತ್ರಿ ನಮ್ಮ ಗೇಟಿನ ಹತ್ತಿರ ನಿಂತು, ಆಗಲೇ ಅರ್ಧ ಅಳುವ ದನಿಯಲ್ಲಿ, “ಎಂತ ಆತೇ? ಯಾರಿಗೆ ಎಂತ ಆತು?” ಎಂದಳು.

“ಯಾರಿಗೂ ಎಂತದೂ ಆಜಿಲ್ಲೆ. ನೀ ಹಾಲು ತಗಂಡು ಬಾ, ಹೇಳ್ತೆ.”

ಅವಳು ನಂಬದೆ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ನಿಮಗಾದರೂ ಹೇಳಿಬಿಡುತ್ತೇನೆ.

ನಾನು ಟೈಲರ್. ಈಗ ಮಂಡಿನೋವಿನ ದೆಸೆಯಿಂದ ಮನೆಯಲ್ಲೇ ಹೊಲಿಯುತ್ತೇನೆ. ಮೊದಲು ಬಹಳ ವರ್ಷ ಪೇಟೆಯಲ್ಲಿ ಗಫೂರಣ್ಣನ ಕಟ್ಟಡದ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ನನ್ನ ಗೋಡೆಯ ಆಚೆ ಅವರ ಮನೆ, ಮನೆಯ ಹಿಂದೆ ಖುರ್ಚಿ, ಪಾತ್ರೆ, ಶಾಮಿಯಾನದ ಗೋದಾಮು. ಮದುವೆ ಮನೆಯವರು ಅವರ ಹತ್ತಿರ ಚಪ್ಪರ ಗೊತ್ತುಮಾಡಿ, ಹಾಗೇ ನನ್ನ ಹತ್ತಿರ ಬಂದು ರವಿಕೆಯ ಅಳತೆ ಕೊಟ್ಟು ಹೋಗುತ್ತಿದ್ದರು. ಹಾಗಾಗಿ ನಮ್ಮಿಬ್ಬರ ಸುಗ್ಗಿಯೂ ಒಟ್ಟಿಗೆ, ಉಪವಾಸವೂ ಒಟ್ಟಿಗೆ. ಒಂದೇ ವ್ಯತ್ಯಾಸವೆಂದರೆ ನಾನು ದುಡ್ಡು ಬರುವ ತನಕ ರವಿಕೆ ಕೊಡುತ್ತಿರಲಿಲ್ಲ. ರವಿಕೆಯಿಲ್ಲದೆ ಮದುಮಗಳು ಮಂಟಪಕ್ಕೆ ಬರುವಂತಿಲ್ಲ. ಖುರ್ಚಿಯವರ ಕತೆ ಹಾಗಲ್ಲ. ಮದುವೆ ಆದ ಮೇಲೆ ಖುರ್ಚಿಯ ನೆನಪು ಯಾರಿಗಿರುತ್ತದೆ?

ಗಫೂರಣ್ಣನಿಗೆ ಎರಡು ನಿಯಮಗಳಿದ್ದವು. ಮದುವೆ ಮನೆಯಲ್ಲಿ ಬಾಡಿಗೆ ಕೇಳುವುದು ಶೋಭೆಯಲ್ಲ. ಸಾವಿನ ಮನೆಯಲ್ಲಿ ಕೇಳುವುದು ಧರ್ಮವಲ್ಲ. ಉಳಿದ ಮನೆಯವರು ಖುರ್ಚಿ ತರಿಸುವುದಿಲ್ಲ. ಹೀಗಾಗಿ ಅವರ ವ್ಯವಹಾರದಲ್ಲಿ ದುಡ್ಡು ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. “ಎಷ್ಟಾತು ಗಫೂರಣ್ಣ?” ಎಂದು ಗಿರಾಕಿಗಳು ತಾವಾಗಿಯೇ ಕೇಳಿದರೂ, “ಇರ್ಲಿ ತಗೋರಿ, ಎಲ್ಲಿ ಓಡಿ ಹೋಗ್ತೀರಿ, ಆಮ್ಯಾಲ ನೋಡೋಣ” ಎನ್ನುವವರು. ಜನ ಓಡಿ ಹೋಗುತ್ತಿರಲಿಲ್ಲ, ಅದು ನಿಜ. ಅಡಿಕೆ ಮಾರಿದ ಮೇಲೆ ಕೊಡುತ್ತೇವೆ ಎಂದು ಹೇಳಿ ತಮ್ಮ ಮನೆಯಲ್ಲೇ ಇರುತ್ತಿದ್ದರು.

ಮುಂಗಡ ತೆಗೆದುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ತೆಗೆದುಕೊಳ್ಳುತ್ತಿದ್ದರು. ಅದು ಟೆಂಪೊದ ಡೀಸೆಲ್ಲಿಗೆ, ಹೊರುವ ಹುಡುಗರ ಕೂಲಿಗೆ ಆಗುತ್ತಿತ್ತು. ಮೇಲೆ ಉಳಿದದ್ದಿಷ್ಟು, ಹೇಗೋ ಬಂದ ಬಾಕಿ ಇಷ್ಟು ಎಂದು ಮೇ ಕೊನೆಗೆ ಕೈಯಲ್ಲಿ ನಾಲ್ಕು ಕಾಸು ನಿಂತರೆ ಗಫೂರಣ್ಣನಿಗೆ ನಿದ್ದೆ ಬರುತ್ತಿರಲಿಲ್ಲ. ಟೆಂಪೊ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿ ಖುರ್ಚಿ ತರುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದೆ.

“ಅಕ್ಕಾ, ರೊಕ್ಕ ಇದ್ರ ಮಂದಿ ಸಾಲ ಕೇಳ್ತಾರ. ಖುರ್ಚಿ ಇದ್ರ ಬಾಡಗಿಗೆ ಕೇಳ್ತಾರ. ಯಾವ್ದು ಛಲೋ?”

ನನಗೆ ಅದು ಸರಿಯೆಂದೇ ಕಂಡಿತ್ತು. ಎಷ್ಟೋ ಕಾಲದ ಮೇಲೆ ನಮ್ಮ ಸ್ವಸಹಾಯ ಸಂಘದವರು ಒಂದು ತರಬೇತಿ ಇಟ್ಟರು. ಅಲ್ಲಿಗೆ ಬಂದ ತರುಣ ಮೇಷ್ಟ್ರು ಬೋರ್ಡಿನ ಮೇಲೆ ನೀರಿನ ಟ್ಯಾಂಕು ಬರೆದು, ಒಳಬರುವ ನಲ್ಲಿ, ಹೊರಹೋಗುವ ನಲ್ಲಿ ತೋರಿಸಿ, “ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ. ಲಾಭದಲ್ಲಿದ್ದೂ ಅಂಗಡಿ ಮುಚ್ಚಬಹುದು” ಎಂದರು. ಹೆಂಗಸರೆಲ್ಲ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಆ ಟ್ಯಾಂಕಿನ ತುಂಬ ಖುರ್ಚಿ ಇದ್ದರೆ ಏನು ಮಾಡಬೇಕು ಎಂದು ಕೇಳಬೇಕೆನಿಸಿತ್ತು. ಚಹಾ ಬಂದದ್ದರಿಂದ ಕೇಳಲಿಲ್ಲ.

ಯಾಕೆಂದರೆ ನಾನು ಆ ಟ್ಯಾಂಕನ್ನು ಕಣ್ಣಾರೆ ನೋಡಿದ್ದೆ. ಅವರ ಮಗಳು ಶಾಹೀನ ಪಿಯುಸಿ ಮುಗಿಸಿದ ವರ್ಷ ಅದು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಆಗಸ್ಟ್ ಮುಗಿಯುವುದರೊಳಗೆ ಫೀ ಕಟ್ಟದಿದ್ದರೆ ಸೀಟು ಮುಂದಿನವರಿಗೆ. ಆ ವರ್ಷ ಗಫೂರಣ್ಣ ಎಂದಿಗಿಂತ ಜಾಸ್ತಿ ದುಡಿದಿದ್ದರು, ಎಂದಿಗಿಂತ ಜಾಸ್ತಿ ಖುರ್ಚಿ ತಂದಿದ್ದರು. ಗೋದಾಮು ತುಂಬಿ ಖುರ್ಚಿಗಳು ಮನೆಯೊಳಗೆ ಬಂದಿದ್ದವು. ನಡುಮನೆಯಲ್ಲಿ ಮಾಡಿನ ತನಕ ಖುರ್ಚಿ, ಅಡುಗೆಮನೆಯ ದಾರಿಯಲ್ಲಿ ಖುರ್ಚಿ. ಶಾಹೀನ ಅವುಗಳ ಸಂದಿಯಲ್ಲಿ ಹಾಸಿಗೆ ಹಾಸುತ್ತಿದ್ದಳು. ಅಷ್ಟು ಶ್ರೀಮಂತರಾಗಿ ಅವರು ಎಂದೂ ಇರಲಿಲ್ಲ. ಫೀ ಕಟ್ಟಲು ಮಾತ್ರ ದುಡ್ಡಿರಲಿಲ್ಲ.

ಮಳೆಗಾಲದಲ್ಲಿ ಖುರ್ಚಿ ಕೊಳ್ಳುವವರಿಲ್ಲ. ಬ್ಯಾಂಕಿನವರು ಆ ಖುರ್ಚಿಗಳ ಮೇಲೆ ಆಗಲೇ ಒಂದು ಸಾಲ ಕೊಟ್ಟಾಗಿತ್ತು. ಉಳಿದದ್ದು ಬಾಕಿ. ಮೆಹರಕ್ಕ, ಅಂದರೆ ಗಫೂರಣ್ಣನ ಹೆಂಡತಿ, ಗಂಡನ ಕೈಗೆ ಕೊಡೆ ಕೊಟ್ಟು ವಸೂಲಿಗೆ ಕಳಿಸಿದರು.

ಮೊದಲ ದಿನ ಚಂದಗುಳಿ ಕಡೆಯ ಒಂದು ಮನೆಗೆ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಕೈಯಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಇತ್ತು.

“ರೊಕ್ಕ?” ಎಂದರು ಮೆಹರಕ್ಕ.

“ಬಾಗಲಿಗೆ ಹೋಗೂದ್ರಾಗ ಬರ್ರಿ ಬರ್ರಿ ಅಂದ್ರು. ದ್ವಾಸಿ ಹಾಕಿದ್ರು. ಎಂತ ಮಳೆಲಿ ಬಂದ್ರಿ ಅಂತ ಕೇಳಿದ್ರು.”

“ನೀವೇನಂದ್ರಿ?”

“ಹಿಂಗ ಬಂದಿದ್ದೆ ಅಂದೆ.”

ಎರಡನೆಯ ದಿನ ಭಾಗೀರಥಕ್ಕನ ಮನೆಗೆ ಹೋದರು. ಭಾಗೀರಥಕ್ಕ ನನ್ನ ಹಳೆಯ ಗಿರಾಕಿ. ಮೇ ತಿಂಗಳಲ್ಲಿ ಅವರ ಮಗಳ ಮದುವೆಯಾಗಿತ್ತು. ದೊಡ್ಡ ಮದುವೆ, ದೊಡ್ಡ ಬಾಕಿ. ಗಫೂರಣ್ಣ ಅಂಗಳಕ್ಕೆ ಕಾಲಿಡುವಾಗ ಒಳಗಿಂದ ಅಳು ಕೇಳಿಸಿತಂತೆ. ಭಾಗೀರಥಕ್ಕನ ಗಂಡ ಹಿಂದಿನ ಸಂಜೆ ಎದೆನೋವಿನಿಂದ ಹೋಗಿಬಿಟ್ಟಿದ್ದರು. ಮದುವೆಯ ಬಾಕಿ ಕೇಳಲು ಹೋದ ಗಫೂರಣ್ಣ ಹದಿಮೂರನೆಯ ದಿನದ ಊಟಕ್ಕೆ ಖುರ್ಚಿ ಒಪ್ಪಿಕೊಂಡು ತಿರುಗಿ ಬಂದರು.

ಆ ಮೇಲೆ ಅವರು ಕೊಡೆ ಮುಟ್ಟಲಿಲ್ಲ. ನನ್ನ ಅಂಗಡಿಯ ಬಾಗಿಲಲ್ಲಿ ಒಂದು ಖುರ್ಚಿ ಹಾಕಿಕೊಂಡು ಮಳೆ ನೋಡುತ್ತಾ ಕೂತಿದ್ದರು. ಸಂಜೆಯ ಹೊತ್ತಿಗೆ, “ಅಕ್ಕಾ, ಹುಡುಗಿ ನನ್ನ ಮಾರಿ ನೋಡೂದ ಬಿಟ್ಟಾಳ” ಎಂದರು. ನಾನು ಹೊಲಿಗೆ ಯಂತ್ರ ತುಳಿದೆ. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ ಎಂಬುದು ಆ ಮೇಲೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಮೆಹರಕ್ಕ ಟೆಂಪೊ ಪಾಂಡುವನ್ನು ಕರೆಸಿದರು. ಟೆಂಪೊದ ತುಂಬ ಖುರ್ಚಿ ಹೇರಿಸಿ, ತಲೆಗೆ ಸೆರಗು ಹೊದ್ದು ಮುಂದಿನ ಸೀಟಿನಲ್ಲಿ ಕೂತರು. ಚಂದಗುಳಿ ಕಡೆಯ ಆ ಮನೆಯಿಂದ ಶುರುಮಾಡಿ, ಬಾಕಿಯಿದ್ದ ಮನೆ ಮನೆಗೂ ಹೋಗಿ ನಾಲ್ಕು ನಾಲ್ಕು ಖುರ್ಚಿ ಇಳಿಸಿದರು. ಎಲ್ಲ ಕಡೆಯೂ ಒಂದೇ ಮಾತು: “ನಮ್ ಮನ್ಯಾಗ ಜಾಗ ಇಲ್ರಿ. ಮಳಿ ನಿಲ್ಲೂ ತನಕ ನಿಮ್ ಜಗಲಿ ಮ್ಯಾಲ ಇಟ್ಕೊಳ್ರಿ. ನಿಮ್ಮಂಥಾ ನಂಬಿಗಸ್ಥರು ಬ್ಯಾರೆ ಯಾರದಾರ?”

ಜಾಗವಿಲ್ಲದ್ದು ಊರಿಗೇ ಗೊತ್ತಿತ್ತು. ಯಾರಿಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮುಂದಿನದು ನಿಮಗೆ ಅರ್ಥವಾಗಿರಬೇಕು. ಮಳೆಗಾಲ, ಜಗುಲಿಯ ಮೇಲೆ ಬಾಡಿಗೆ ಖುರ್ಚಿ. ಮೊದಲು ಅಕ್ಕಪಕ್ಕದವರು ಓಡಿ ಬಂದರು. ಆಮೇಲೆ ಬಸ್ಸಿನಿಂದ ನೋಡಿದವರು ಇಳಿದು ಬಂದರು. ಚಂದಗುಳಿ ಕಡೆಯ ಮನೆಗೆ ಸಿದ್ದಾಪುರದಿಂದ ನೆಂಟರು ಕಾರು ಮಾಡಿಸಿಕೊಂಡು ಬಂದಿಳಿದರಂತೆ. ಆ ಮನೆಯ ಅಜ್ಜ ಸ್ವತಃ ಬಾಗಿಲು ತೆಗೆದು, ತಾನು ಹೋಗಿಲ್ಲವೆಂದು ಅವರಿಗೆ ಸಮಾಧಾನ ಹೇಳಿ, ಊಟ ಹಾಕಿಸಿ ಕಳಿಸಬೇಕಾಯಿತು. ಬಂದವರು ಸುಮ್ಮನೆ ಹೋಗುವುದೂ ಇಲ್ಲ. ಯಾರೂ ಸಾಯದಿದ್ದರೆ ಖುರ್ಚಿ ಎಂತಕ್ಕೆ ಎಂದು ಕೇಳುತ್ತಾರೆ. ಗಫೂರಣ್ಣನದು ಎಂದರೆ, ಗಫೂರಣ್ಣ ನಿಮ್ಮಲ್ಲೇ ಯಾಕೆ ಇಟ್ಟರು ಎನ್ನುತ್ತಾರೆ. ಆ ಪ್ರಶ್ನೆಗೆ ಮನೆಯವರು ಒಂದು ದಿನ ಉತ್ತರ ತಪ್ಪಿಸಬಹುದು, ಎರಡು ದಿನ ತಪ್ಪಿಸಬಹುದು.

ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ಪೇಟೆಗೆ ಬಂದರು. ಬೇರೆ ಕೆಲಸಕ್ಕೆ ಬಂದವರ ಹಾಗೆ ನನ್ನ ಅಂಗಡಿಯ ಮುಂದೆ ಸ್ವಲ್ಪ ನಿಂತು, ಮಳೆಯ ಬಗ್ಗೆ ಎರಡು ಮಾತಾಡಿ, ಒಳಗೆ ಹೋಗಿ ಬಾಕಿ ಕೊಟ್ಟು ಹೋದರು. ಸಂಜೆ ಟೆಂಪೊ ಹೋಗಿ ಅವರ ಖುರ್ಚಿ ತಂದಿತು. ಗಫೂರಣ್ಣ ನಾಚಿಕೆಯಿಂದ ಗೋದಾಮಿನಲ್ಲಿ ಅಡಗಿದ್ದರು. “ನಾ ಯಾರಿಗೂ ಒಂದ್ ಪೈಸಾ ಕೇಳಿಲ್ಲ” ಎಂದು ಮೆಹರಕ್ಕ ನನಗೆ ಹೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಒಂದು ಮನೆಗೆ ಮಾತ್ರ ಅವರು ಹೀಗೆ ಖುರ್ಚಿ ಕಳಿಸಿರಲಿಲ್ಲ. ಭಾಗೀರಥಕ್ಕನ ಮನೆಗೆ. ಫೀಗೆ ಕಡಿಮೆ ಬಿದ್ದದ್ದೂ ಅಷ್ಟೇ, ಅವರ ಬಾಕಿಯಷ್ಟು. ಅದನ್ನು ಹೇಗೆ ಹೊಂದಿಸುವುದೆಂದು ಮೆಹರಕ್ಕ ಕೈಯ ಬಳೆ ತಿರುಗಿಸುತ್ತಾ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಸ್ವತಃ ಭಾಗೀರಥಕ್ಕ ಬಂದರು. ಹದಿಮೂರು ಮುಗಿದು, ಊಟದ ಖುರ್ಚಿಗಳೂ ತಿರುಗಿ ಬಂದು ಎರಡು ದಿನವಾಗಿತ್ತು. ಮೆಹರಕ್ಕನನ್ನು ನೋಡಿಯೂ ನೋಡದವರಂತೆ ನನ್ನತ್ತ ತಿರುಗಿ ಕೇಳಿದರು.

“ಎಲ್ಲರ ಮನೆಗೂ ಖುರ್ಚಿ ಬೈಂದು. ಎಂಗಳ ಮನೆಗೆ ಎಂತಕ್ಕೆ ಬೈಂದಿಲ್ಲೆ? ಗಂಡ ಸತ್ತವಳ ಮನೆ, ಬಾಕಿ ಮುಳುಗ್ತು ಹೇಳಿ ಬಿಟ್ಟಾಕಿದ್ವ?”

ಮೆಹರಕ್ಕನಿಗೆ ಅರ್ಥವಾಯಿತು. ಎದ್ದು ನಿಂತರು. “ಹಂಗಲ್ರೀ ಅಮ್ಮಾರ. ನಿಮಗ ಹೆಂಗ್ರೀ…”

“ನಂಗೂ ಕೊಡಿ,” ಎಂದರು ಭಾಗೀರಥಕ್ಕ. ಈ ಮಾತನ್ನು ನೇರವಾಗಿ ಅವರಿಗೇ ಹೇಳಿದರು. “ಕೊಡುವವರ ಲೆಕ್ಕದಲ್ಲಿ ನನ್ನನ್ನೂ ಇಟ್ಕೊಳಿ.”

ಬೇಡವೆಂದರೂ ಕೇಳದೆ ಒಂದು ಖುರ್ಚಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ಕಂಡಕ್ಟರ್ ಖುರ್ಚಿಗೂ ಟಿಕೆಟ್ ಆಗುತ್ತದೆ ಎಂದನಂತೆ. ತೆಗೆದುಕೊಂಡರಂತೆ. ಎರಡು ದಿನದ ಮೇಲೆ ಅದೇ ಬಸ್ಸಿನಲ್ಲಿ ಖುರ್ಚಿಯ ಸಮೇತ ಬಂದು ಬಾಕಿ ಕೊಟ್ಟರು. ಶಾಹೀನ ಹುಬ್ಬಳ್ಳಿಗೆ ಹೋದಳು. ಈಗ ಇಲ್ಲೇ ಊರಿನಲ್ಲಿ ನರ್ಸು. ನನ್ನ ಮಂಡಿಗೆ ಇಂಜೆಕ್ಷನ್ ಕೊಡುವಾಗ ಸ್ವಲ್ಪವೂ ಕರುಣೆ ತೋರಿಸುವುದಿಲ್ಲ.

ಇನ್ನು ನನ್ನ ಜಗುಲಿಯ ವಿಷಯ. ಈ ವರ್ಷ ಮೇ ತಿಂಗಳಲ್ಲಿ ನನ್ನ ಮೊಮ್ಮಗಳ ನಾಮಕರಣವಾಯಿತು. ಖುರ್ಚಿ ಇಳಿಸಲು ಗಫೂರಣ್ಣ ತಾವೇ ಬಂದಿದ್ದರು. ಮಗುವಿನ ಕೈಗೆ ಹತ್ತರ ನೋಟು ಕೊಟ್ಟರು. ಬಾಡಿಗೆ ಕೇಳಿದರೆ, “ಇರ್ಲಿ ತಗೋರಿ, ಆಮ್ಯಾಲ ನೋಡೋಣ” ಎಂದರು. ಜೂನ್ ಕೊನೆಗೆ ಅವರೇ ಹೋಗಿಬಿಟ್ಟರು. ಆ ದಿನ ಅವರ ಮನೆಯೆದುರು ಅವರದೇ ಖುರ್ಚಿಗಳು. ನಾನೂ ಒಂದರಲ್ಲಿ ಕೂತು ಅತ್ತೆ.

ಆ ಮೇಲೆ ಹೋಗಲಿಲ್ಲ. ಸಾವಿನ ಮನೆಗೆ ದುಡ್ಡು ಹಿಡಿದುಕೊಂಡು ಹೋಗುವುದು ಹೇಗೆ? ಬರಿಗೈಯಲ್ಲಿ ಹೋದರೆ ಬಾಕಿ ಮರೆತವಳ ಹಾಗೆ ಕಾಣುತ್ತದೆ. ಫೋನಿನಲ್ಲಿ ಕಳಿಸೋಣವೆಂದರೆ, ಆ ಮನೆಯ ಕಿಟಕಿಯಲ್ಲಿ ಒಂದು ಡಬ್ಬಿ ಇದೆ. ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ಹೀಗೆ ಮರ್ಯಾದೆಯ ಲೆಕ್ಕ ಹಾಕುತ್ತಾ ಎರಡು ತಿಂಗಳು ಕಳೆದೆ. ಗೋದಾಮಿನ ಬಾಗಿಲು ತೆರೆದಿಲ್ಲ, ಮೆಹರಕ್ಕ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ಶಾಹೀನ ಹೇಳಿದ್ದಳು. ಮೆಹರಕ್ಕ ಈಗ ಇದ್ದತ್ತಿನಲ್ಲಿದ್ದಾರೆ. ಗಂಡ ಹೋದ ಮೇಲಿನ ಆ ನಾಲ್ಕು ತಿಂಗಳು ಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಖುರ್ಚಿಗಳಿಗೆ ಇದ್ದತ್ತಿಲ್ಲ.

ಸಾವಿತ್ರಿ ಹಾಲು ತೆಗೆದುಕೊಂಡು ಬಂದಳು. ಜೊತೆಗೆ ಇನ್ನಿಬ್ಬರನ್ನು ಕರೆತಂದಿದ್ದಳು.

“ಈಗಾದ್ರೂ ಹೇಳು, ಎಂತ ಆತು?”

“ಬಾಡಿಗೆ ಕೊಡದು ಬಾಕಿ ಇದ್ದು,” ಎಂದೆ. ಹೇಳುವಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಸಾವಿತ್ರಿ ನನ್ನ ಹಣೆ ಮುಟ್ಟಿ ನೋಡಿದಳು.

ರಿಕ್ಷಾದಲ್ಲಿ ಖುರ್ಚಿಗಳನ್ನೂ ಹೇರಿಕೊಂಡು ಹೋದೆ. ಮೆಹರಕ್ಕ ಒಳಬಾಗಿಲಲ್ಲಿ ನಿಂತಿದ್ದರು. ಸೊರಗಿದ್ದರು. ದುಡ್ಡು ಕೊಟ್ಟೆ. ಎಣಿಸದೆ ಮುಷ್ಟಿಯಲ್ಲಿ ಹಿಡಿದುಕೊಂಡರು.

“ಖುರ್ಚಿ ಯಾಕ್ ತಂದ್ರಿ ಅಕ್ಕಾ?” ಎಂದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. “ಮನ್ಯಾಗ ಜಾಗ ಇಲ್ಲಂತ ಇಟ್ಟಿದ್ದೆ.”

ನಾನೇ ಎರಡು ಖುರ್ಚಿ ಬಿಡಿಸಿ ನಡುಮನೆಯಲ್ಲಿ ಹಾಕಿದೆ. ಇಬ್ಬರೂ ಕೂತೆವು. ಗಫೂರಣ್ಣನ ಮಂಚ ಎತ್ತಿಸಿದ್ದರು. ಜಾಗ ಬೇಕಾದಷ್ಟಿತ್ತು.