ಸಂಜೀವ ಮಾವನ ಕಿವಿ

ಮದುವೆ ಊಟದಲ್ಲಿ ಪಾಯಸ ಬರುವ ಹೊತ್ತಿಗೆ ಎಲೆ ಬಿಟ್ಟು ಎದ್ದು ಹೋದವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ನನ್ನ ಗಂಡನ ಸೋದರಮಾವ, ಮೂಡುಬಿದಿರೆಯಲ್ಲಿ ಹೋಟೆಲು ನಡೆಸುತ್ತಿದ್ದ ಸಂಜೀವ ಮಾವ. ಆವತ್ತು ಬಂಟ್ವಾಳದಲ್ಲಿ ಮದುವೆ. ವೇದಿಕೆಯ ಮೇಲೆ ಆರ್ಕೆಸ್ಟ್ರಾದ ಹುಡುಗ ಮೇಲಿನ ಸ್ವರಕ್ಕೆ ಹೋಗಲು ನೋಡಿ ಅರ್ಧದಲ್ಲೇ ನಿಂತ. ಮಾವನ ಮುಖ ಮಾವಿನ ಮಿಡಿ ಕಚ್ಚಿದ ಹಾಗಾಯಿತು. ಎರಡನೆಯ ಸಲವೂ ಅವನು ಅಲ್ಲೇ ನಿಂತಾಗ ಎದ್ದೇಬಿಟ್ಟರು. "ಮುಂದಿನ ಸಲ ಕಿವಿಯನ್ನು ಮನೆಯಲ್ಲೇ ಇಟ್ಟು ಬನ್ನಿ" ಎಂದು ಅವರ ಹೆಂಡತಿ, ನಮ್ಮ ಅತ್ತೆ, ಗೊಣಗುತ್ತಾ ಅವರ ಪಾಲಿನ ಹೋಳಿಗೆಯನ್ನೂ ತಿಂದು ಮುಗಿಸಿದರು.

ಹೋಟೆಲಿನಲ್ಲಿಯೂ ಅದೇ ಕತೆ. ಬನ್ಸು ಸ್ವಲ್ಪ ಕಪ್ಪಾದರೆ ಅವರಿಗೆ ಬೇಜಾರಿಲ್ಲ. ಮೇಜು ಒರೆಸುವವನು ಗುನುಗುವಾಗ ಸ್ವರ ಜಾರಿದರೆ ಮಾತ್ರ ಗಲ್ಲಾದಿಂದಲೇ ಕೂಗುತ್ತಿದ್ದರು: "ಹಾಡುವುದಾದ್ರೆ ಹಾಡು ಮಾರಾಯ, ಹಾಡನ್ನು ಕೊಲ್ಬೇಡ!" ನಮ್ಮೂರಿನ ಶನಿವಾರದ ಭಜನೆಗೆ ಅವರು ಬಂದರೆಂದರೆ ಹಾಡುವ ನಾವೆಲ್ಲ ಸ್ವರ ತಗ್ಗಿಸುತ್ತಿದ್ದೆವು. "ತಾಳ ತಪ್ಪಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಶ್ರುತಿ ತಪ್ಪಿದ್ರೆ ಹಾಡುವವನಿಗೆ ಮಾತ್ರ ಗೊತ್ತಾಗುದಿಲ್ಲ" ಎನ್ನುವಾಗ ಅವರ ಕಣ್ಣು ನೇರ ನನ್ನ ಮೇಲೆಯೇ ಇರುತ್ತಿತ್ತು. ಪ್ರತಿ ಸಾಲಿನ ಕೊನೆಗೆ ನನ್ನ ಸ್ವರ ಕೆಳಗೆ ಜಾರುತ್ತದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಆದರೆ ಹತ್ತು ಜನರ ನಡುವೆ ಅಡಗಿಕೊಂಡು ನಾನು ಸುಖವಾಗಿಯೇ ಇದ್ದೆ.

ಆ ಸುಖಕ್ಕೆ ಕಲ್ಲು ಹಾಕಿದ್ದು ನನ್ನ ಮಗಳು. ಶಾರ್ಜಾದಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. "ಅಮ್ಮ, ಅಜ್ಜಿ ಹಾಡ್ತಿದ್ದ ಜೋಗುಳ ಉಂಟಲ್ಲ, ಅದನ್ನು ನೀವು ಹಾಡಿ ಕಳಿಸಿ. ತೊಟ್ಟಿಲಿಗೆ ಹಾಕುವ ದಿನ ಬೇಕು" ಎಂದಳು. ಕಕ್ಕಿಂಜೆಯಲ್ಲಿದ್ದ ನನ್ನ ಅಮ್ಮ ಹಾಡುತ್ತಿದ್ದ ಜೋಗುಳ ಅದು. ಅಮ್ಮ ಹೋದ ಮೇಲೆ ಅದು ಬರುವುದು ನನಗೊಬ್ಬಳಿಗೇ. ನಾನು ತಪ್ಪಾಗಿ ಹಾಡಿದರೆ ಅಮ್ಮನ ಹಾಡು ಇನ್ನು ಮುಂದೆ ತಪ್ಪಾಗಿಯೇ ಉಳಿಯುತ್ತದೆ. ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟು, ಧೈರ್ಯ ಮಾಡಿ ಮೊದಲು ಮಾವನಿಗೆ ಕಳಿಸಿದೆ.

ಮರುದಿನ ಮಧ್ಯಾಹ್ನ ಮಾವ ಶ್ರುತಿಪೆಟ್ಟಿಗೆ ಹಿಡಿದುಕೊಂಡು ಬಸ್ಸಿನಲ್ಲಿ ಮಡಂತ್ಯಾರಿಗೆ, ನಮ್ಮ ಮನೆಗೆ, ಬಂದೇಬಿಟ್ಟರು.

"ಹಾಡು ಚಂದ ಉಂಟು. ಆದ್ರೆ ನೀನು ಅದರ ಪಕ್ಕದಲ್ಲೇ ನಡೀತಾ ಇದ್ದಿ. ಅಷ್ಟು ಮೇಲೆ ಯಾಕೆ ಹಾಡುದು?"

"ಭಜನೆಯಲ್ಲಿ ಎಲ್ಲರೂ ಅಲ್ಲೇ ಹಾಡ್ತಾರಲ್ಲ ಮಾವ?"

"ಎಲ್ಲರ ರವಿಕೆ ನಿನಗೆ ಆಗ್ತದಾ?"

ನಾನು ನಾಚಿ ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಶ್ರುತಿಯನ್ನು ಎಷ್ಟೋ ಕೆಳಗಿಳಿಸಿ, "ಇದು ನಿನ್ನ ಅಳತೆ. ಹಾಡು, ನೋಡುವ" ಎಂದರು. ಅಯ್ಯೋ, ಎಷ್ಟು ಹಾಯೆನಿಸಿತು! ಆಮೇಲೆ ದಿನವೂ ಹೋಟೆಲಿನ ಊಟದ ಗಲಾಟೆ ಮುಗಿಸಿ ಬರುತ್ತಿದ್ದರು. ಕೆಲವು ದಿನ ಬರೀ ಒಂದು ಸಾಲು. ಜಾರಿದ ಕೂಡಲೇ ಕೈ ಎತ್ತುತ್ತಿದ್ದರು, ಬೈಯುತ್ತಿರಲಿಲ್ಲ. ಚಹಾ ಮಾತ್ರ ಲೋಟದ ಮೇಲೆ ಲೋಟ ಖಾಲಿ ಮಾಡುತ್ತಿದ್ದರು.

ಕೊನೆಗೊಂದು ದಿನ ಬಿ.ಸಿ.ರೋಡಿನ ಒಂದು ಸಣ್ಣ ಸ್ಟುಡಿಯೋಗೆ ಕರೆದುಕೊಂಡು ಹೋದರು. ನಾನು ಹಾಡಿ ಮುಗಿಸಿದ ಮೇಲೆ ಅಲ್ಲಿಯ ಹುಡುಗ, "ಅಂಕಲ್, ಕೊನೆಯ ಸಾಲು ಸ್ವಲ್ಪ ಇಳಿದಿದೆ. ಎಂತ ತೊಂದರೆ ಇಲ್ಲ, ಕಂಪ್ಯೂಟರಿನಲ್ಲಿ ಸರಿ ಮಾಡ್ತೇನೆ" ಎಂದು ಕ್ಷಣದಲ್ಲಿ ಸರಿ ಮಾಡಿ ಕೇಳಿಸಿದ. ನನಗೋ ಬಚಾವಾದೆ ಅನಿಸಿತು. ಮಾವ ತಲೆದೂಗಿದರು.

"ಒಳ್ಳೆ ಯಂತ್ರ ಮಾರಾಯ. ಆದ್ರೆ ನಾಳೆ ಇವಳು ಅಲ್ಲಿಗೆ ಹೋಗಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಾಡುವಾಗ ನಿನ್ನ ಕಂಪ್ಯೂಟರು ಜೊತೆಗೆ ಬರ್ತದಾ? ಮಗುವಿಗೆ ಎರಡೆರಡು ಅಜ್ಜಿ ಬೇಡ. ಇನ್ನೊಮ್ಮೆ ಹಾಡ್ತಾಳೆ."

ಈ ಸಲ ತಾವೂ ಒಳಗೆ ಬಂದು ನನ್ನ ಎದುರು ಸ್ಟೂಲಿನ ಮೇಲೆ ಕುಳಿತರು. ನಾನು ಕಣ್ಣು ಮುಚ್ಚಿ ಅಮ್ಮನನ್ನು ನೆನೆದು ಹಾಡಿದೆ. ಕೊನೆಯ ಸಾಲು ಬಂತು. ಸ್ವರ ಜಾರಲಿಲ್ಲ, ಶ್ರುತಿಯೊಳಗೆ ಹೋಗಿ ಹಾಗೆಯೇ ಕೂತಿತು. ಹುಡುಗ ಸನ್ನೆ ಮಾಡುವವರೆಗೆ ಸುಮ್ಮನಿರಬೇಕಿತ್ತು. ಮಾವನಿಗೆ ತಡೆಯಲಾಗಲಿಲ್ಲ. "ಹಾಂ... ಈಗ ಸೇರಿತು ನೋಡು!" ಎಂದುಬಿಟ್ಟರು.

ಅದೂ ರೆಕಾರ್ಡ್ ಆಯಿತು. ಹುಡುಗ ಕತ್ತರಿಸಲು ಹೊರಟ. "ಬೇಡ, ಇರಲಿ" ಎಂದೆ. ಇಪ್ಪತ್ತು ವರ್ಷ ಭಜನೆ ಹಾಡಿ ಅವರಿಂದ ನಾನು ಗಳಿಸಿದ ಮೊದಲ ಮೆಚ್ಚುಗೆ ಅದು, ಬಿಡುವುದುಂಟೇ?

ಕಳೆದ ವರ್ಷ ಮಾವ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೋಟೆಲನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಬನ್ಸು ಚೆನ್ನಾಗಿದೆ, ಆದರೆ ಯಾರು ಹೇಗೆ ಗುನುಗಿದರೂ ಕೇಳುವವರಿಲ್ಲ. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಮೊಮ್ಮಗಳು ಗೊಂಬೆಯನ್ನು ಮಲಗಿಸುತ್ತಿದ್ದಳು. ಆವತ್ತು ನಾನು ಕಳಿಸಿದ ರೆಕಾರ್ಡನ್ನು ದಿನಾ ರಾತ್ರಿ ಕೇಳಿಯೇ ಮಲಗುವ ಅವಳಿಗೆ ಈಗ ಮೂರು ವರ್ಷ. ಜೋಗುಳವನ್ನು ತೊದಲುತ್ತಾ ಹಾಡಿದಳು. ಮಾತು ಅರ್ಧಕ್ಕರ್ಧ ಮಾಯ. ಆದರೆ ಧಾಟಿ ನನ್ನ ಅಮ್ಮನದೇ, ಕೊನೆಯ ಸಾಲೂ ಇಳಿಯಲಿಲ್ಲ. ಹಾಡಿ ಮುಗಿಸಿದವಳು ಗೊಂಬೆಯ ಬೆನ್ನು ತಟ್ಟಿ, ದಪ್ಪ ಸ್ವರ ಮಾಡಿ, "ಹಾಂ... ಈಗ ಸೇರಿತು ನೋಡು!" ಎಂದಳು.

ಅದೂ ಹಾಡಿನದೇ ಸಾಲು ಎಂದು ತಿಳಿದಿದ್ದಾಳೆ. ಅಲ್ಲ ಎಂದು ಹೇಳಲು ನಾನು ಹೋಗಲಿಲ್ಲ.